ಆಟ ಒಂದೇ, ಅಂಗಳ ಹಲವು

2021ರ ಆಗಸ್ಟ್ 7, ಶನಿವಾರ. ಅಂದು ಸಂಜೆ ನೀರಜ್ ಚೋಪ್ರಾ ಟೋಕಿಯೋದಲ್ಲಿ ಜಾವೆಲಿನ್ ಎಸೆದು ಚಿನ್ನ ಗೆದ್ದದ್ದು ಎಲ್ಲರಿಗೂ ನೆನಪಿದೆ. ಅದೇ ದಿನ ಬೆಳಿಗ್ಗೆ ಇನ್ನೊಂದು ಪದಕ ಕೂದಲೆಳೆಯಲ್ಲಿ ತಪ್ಪಿಹೋಯಿತು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಮಹಿಳೆಯರ ಗಾಲ್ಫ್‌ನಲ್ಲಿ ನಾಲ್ಕನೆಯವರಾದರು. ನಾಲ್ಕು ದಿನಗಳ ಆಟ ಮುಗಿದಾಗ ಅವರಿಗೂ ಪದಕಕ್ಕೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ.

ಗಾಲ್ಫ್ ಎಂದರೇನೆಂದು ತಿಳಿಯದ ಸಾವಿರಾರು ಮನೆಗಳಲ್ಲಿ ಅಂದು ಟಿ.ವಿ. ಹಚ್ಚಲಾಗಿತ್ತು. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯ ಕಡೆಯ ಹಿರಿಯರೊಬ್ಬರು ಆ ಆಟ ನೋಡಿ ಕೇಳಿದ ಪ್ರಶ್ನೆ ಈ ವರದಿಗಾರನಿಗೆ ಇನ್ನೂ ಮರೆತಿಲ್ಲ: ‘ಇದೇನಪ್ಪಾ, ನಮ್ಮ ಹುಡುಗ್ರು ಗೋಲಿ ಆಡಿದಂಗೇ ಐತೆ. ಇದಕ್ಯಾಕೆ ಅಷ್ಟೊಂದು ಜಮೀನು?’

ಪ್ರಶ್ನೆ ಸರಳವಾಗಿದೆ. ಆದರೆ ಉತ್ತರ ಹುಡುಕಲು ಹೊರಟರೆ ಸ್ಕಾಟ್ಲೆಂಡಿನ ಕಡಲತೀರದಿಂದ ಹಿಡಿದು ಮಧುಗಿರಿಯ ಹುಲ್ಲುಬಯಲಿನವರೆಗೆ ಬರಬೇಕಾಗುತ್ತದೆ.

ಕಡಿಮೆ ಹೊಡೆದವನೇ ಗೆದ್ದ

ಹಿರಿಯರ ಹೋಲಿಕೆ ತಪ್ಪಲ್ಲ. ಗೋಲಿಯಾಟದಂತೆ ಇಲ್ಲಿಯೂ ಗುಂಡಿಗೆ ಬೀಳಿಸುವುದೇ ಗುರಿ. ಬೆರಳಿನ ಬದಲು ದಾಂಡು, ಗೋಲಿಯ ಬದಲು ಸುಮಾರು 46 ಗ್ರಾಂ ತೂಕದ ಗಟ್ಟಿ ಚೆಂಡು. ಗುಂಡಿಯ ಅಗಲ ನಾಲ್ಕೂಕಾಲು ಅಂಗುಲ. ಪೂರ್ಣ ಪ್ರಮಾಣದ ಕೋರ್ಸ್‌ನಲ್ಲಿ ಇಂಥ 18 ಗುಂಡಿಗಳಿರುತ್ತವೆ. ಒಂದು ಗುಂಡಿಗೂ ಅದರ ಆಟ ಶುರುವಾಗುವ ಜಾಗಕ್ಕೂ ನೂರೈವತ್ತು ಮೀಟರಿನಿಂದ ಐನೂರು ಮೀಟರಿನವರೆಗೆ ಅಂತರ. ಹದಿನೆಂಟನ್ನೂ ಕೂಡಿಸಿದರೆ ಆರು ಕಿಲೋಮೀಟರ್ ದಾಟುತ್ತದೆ. ಜಮೀನು ಬೇಕಾಗುವುದಕ್ಕೆ ಇದು ಮೊದಲ ಕಾರಣ.

ಆಟ ಶುರುವಾಗುವ ಕಟ್ಟೆಗೆ ‘ಟೀ’ ಎಂದು ಹೆಸರು. ಅಲ್ಲಿಂದ ಮುಂದೆ ಕತ್ತರಿಸಿದ ಹುಲ್ಲಿನ ಹಾದಿ ‘ಫೇರ್‌ವೇ’. ಅದರ ಎರಡೂ ಮಗ್ಗುಲಿಗೆ ಬೆಳೆಯಲು ಬಿಟ್ಟ ಹುಲ್ಲು ‘ರಫ್’. ನಡುನಡುವೆ ಮರಳು ತುಂಬಿದ ಹಳ್ಳ ‘ಬಂಕರ್’. ಕೊನೆಗೆ ಗುಂಡಿಯ ಸುತ್ತ, ಮನೆಯ ಜಮಖಾನೆಯಂತೆ ನುಣ್ಣಗೆ ಕತ್ತರಿಸಿದ ಹುಲ್ಲು ‘ಗ್ರೀನ್’.

ಪ್ರತಿ ಗುಂಡಿಗೂ ನುರಿತ ಆಟಗಾರ ಎಷ್ಟು ಹೊಡೆತ ತೆಗೆದುಕೊಳ್ಳಬೇಕೆಂಬ ಲೆಕ್ಕವಿದೆ. ಅದು ‘ಪಾರ್’. ದೂರ ನೋಡಿ ಮೂರು, ನಾಲ್ಕು ಅಥವಾ ಐದು. ಅದಕ್ಕಿಂತ ಒಂದು ಕಡಿಮೆಯಾದರೆ ‘ಬರ್ಡಿ’, ಎರಡು ಕಡಿಮೆಯಾದರೆ ‘ಈಗಲ್’, ಒಂದು ಹೆಚ್ಚಾದರೆ ‘ಬೋಗಿ’. ಕ್ರಿಕೆಟ್‌ನಲ್ಲಿ ಹೆಚ್ಚು ಗಳಿಸಿದವನು ಗೆದ್ದರೆ ಇಲ್ಲಿ ಕಡಿಮೆ ಖರ್ಚು ಮಾಡಿದವನು ಗೆಲ್ಲುತ್ತಾನೆ. ಟೋಕಿಯೋದಲ್ಲಿ ಅದಿತಿ ಒಟ್ಟು ಲೆಕ್ಕದಲ್ಲಿ ಪಾರ್‌ಗಿಂತ 15 ಹೊಡೆತ ಕಡಿಮೆ ತೆಗೆದುಕೊಂಡಿದ್ದರು. ಬೆಳ್ಳಿ ಮತ್ತು ಕಂಚು ಗೆದ್ದವರದು 16.

ಇಷ್ಟೇ ಆದರೆ ಗಾಲ್ಫ್ ಎಲ್ಲಿ ಆಡಿದರೂ ಒಂದೇ ಆಗಬೇಕಿತ್ತು. ಟೆನಿಸ್ ಅಂಕಣಕ್ಕೆ, ಕಬಡ್ಡಿ ಅಂಕಣಕ್ಕೆ ಅಳತೆಯಿದೆ. ಗಾಲ್ಫ್ ಅಂಗಳಕ್ಕೆ ಇಲ್ಲ. ಎಲ್ಲಿ ಏರು, ಎಲ್ಲಿ ತಗ್ಗು, ಎಲ್ಲಿ ಮರ, ಎಲ್ಲಿ ನೀರು ಎಂಬುದನ್ನು ನಿಯಮ ಪುಸ್ತಕ ಹೇಳುವುದಿಲ್ಲ, ನೆಲ ಹೇಳುತ್ತದೆ. ಕೋರ್ಸ್‌ಗಳಲ್ಲಿ ಬೇರೆಬೇರೆ ಶೈಲಿಗಳು ಹುಟ್ಟಿದ್ದು ಹೀಗೆ.

ಕುರಿ ಮೇಯ್ದ ಬೀಳು

ಮೊದಲ ಶೈಲಿ ‘ಲಿಂಕ್ಸ್’. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಮುದ್ರಕ್ಕೂ ಹೊಲಕ್ಕೂ ನಡುವೆ ಮರಳುದಿಬ್ಬಗಳ ಪಟ್ಟಿಯೊಂದಿದೆ. ಉಪ್ಪುಗಾಳಿಗೆ ಮರ ಬೆಳೆಯದು, ಮರಳಿಗೆ ಬೆಳೆ ನಿಲ್ಲದು. ರೈತನಿಗೆ ಬೇಡವಾದ ಈ ಬೀಳಿಗೆ ಅಲ್ಲಿಯ ಜನ ಲಿಂಕ್ಸ್ ಎನ್ನುತ್ತಿದ್ದರು. ಅಲ್ಲಿ ಬೆಳೆಯುತ್ತಿದ್ದದ್ದು ನವಿರಾದ ಗಿಡ್ಡ ಹುಲ್ಲು. ಅದನ್ನು ಮೊಲ ಮತ್ತು ಕುರಿಗಳು ಕಚ್ಚಿ ಕಚ್ಚಿ ಒಂದೇ ಸಮನಾಗಿ ಇಟ್ಟಿರುತ್ತಿದ್ದವು. ಗಾಳಿಯ ಹೊಡೆತ ತಪ್ಪಿಸಿಕೊಳ್ಳಲು ಕುರಿಗಳು ಒತ್ತಿಕೊಂಡು ಮಲಗಿದ ಕಡೆ ಹುಲ್ಲು ಸವೆದು ಮರಳು ಕಂಡು ಬಂಕರ್‌ಗಳಾದವು ಎಂದು ಹೇಳುತ್ತಾರೆ.

ಈ ಬೀಳಿನ ಮೇಲೆ ಜನ ಎಷ್ಟು ಮೈಮರೆತು ಆಡುತ್ತಿದ್ದರೆಂದರೆ 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗಾಲ್ಫನ್ನು ನಿಷೇಧಿಸಿತು. ಯುವಕರು ಬಿಲ್ವಿದ್ಯೆ ಬಿಟ್ಟು ಚೆಂಡಿನ ಹಿಂದೆ ಬಿದ್ದರೆ ಯುದ್ಧ ಮಾಡುವವರು ಯಾರು ಎಂಬ ಚಿಂತೆ!

ಸೇಂಟ್ ಆಂಡ್ರೂಸ್ ಊರಿನ ‘ಓಲ್ಡ್ ಕೋರ್ಸ್’ ಈ ಶೈಲಿಯ ತಾಯಿಬೇರು. 1764ರಲ್ಲಿ ಅಲ್ಲಿ 22 ಗುಂಡಿಗಳ ಆಟವನ್ನು 18ಕ್ಕೆ ಇಳಿಸಿದರು. ಮುಂದೆ ಜಗತ್ತೆಲ್ಲ ಅದನ್ನೇ ಅನುಸರಿಸಿತು. ಜಾಗ ಕಿರಿದಾದ್ದರಿಂದ ಹೋಗುವವರೂ ಬರುವವರೂ ಒಂದೇ ಗ್ರೀನ್ ಹಂಚಿಕೊಳ್ಳುವ ಪದ್ಧತಿ ಬಂತು. ಇಂದಿಗೂ ಅಲ್ಲಿ 14 ಗುಂಡಿಗಳು ಏಳು ಜೋಡಿ ಗ್ರೀನ್‌ಗಳಲ್ಲಿವೆ. ಕೊನೆಯ ಗುಂಡಿಯ ಹಾದಿಯಲ್ಲಿರುವ ಪುಟ್ಟ ಕಲ್ಲುಸೇತುವೆಯ ಮೇಲೆ ದೊಡ್ಡ ದೊಡ್ಡ ಆಟಗಾರರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದನ್ನು ಕಟ್ಟಿದ್ದು ಆಟಕ್ಕಲ್ಲ, ಕುರುಬರು ಹಿಂಡು ದಾಟಿಸಲಿ ಎಂದು.

ಲಿಂಕ್ಸ್‌ನಲ್ಲಿ ಗಾಳಿಯೇ ಎದುರಾಳಿ. ಮೇಲಕ್ಕೆ ಹೊಡೆದ ಚೆಂಡು ಎಲ್ಲಿಗೋ ಹಾರಿಹೋದೀತು. ಆದ್ದರಿಂದ ಚೆಂಡನ್ನು ತಗ್ಗಾಗಿ ಹೊಡೆದು ಗಟ್ಟಿ ನೆಲದ ಮೇಲೆ ಉರುಳಲು ಬಿಡುತ್ತಾರೆ. ನೆಲದ ಉಬ್ಬುತಗ್ಗು ಓದಲು ಬಾರದವನಿಗೆ ಅಲ್ಲಿ ಆಟವಿಲ್ಲ.

ತೋಪಿನೊಳಗೆ ಬಂದ ಆಟ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಂಡನ್ನಿನ ವ್ಯಾಪಾರಿಗಳಿಗೂ ವಕೀಲರಿಗೂ ಗಾಲ್ಫ್ ಹುಚ್ಚು ಹಿಡಿಯಿತು. ಅವರಿಗೆ ಸಮುದ್ರ ದೂರ, ರೈಲು ಹತ್ತಿರ. ನಗರದ ಹೊರವಲಯದಲ್ಲಿ ಮರಳುಮಣ್ಣಿನ, ಕುರುಚಲು ಪೊದೆಯ ಬಯಲುಗಳಿದ್ದವು. ಅವಕ್ಕೆ ಇಂಗ್ಲಿಷಿನಲ್ಲಿ ‘ಹೀತ್’ ಎನ್ನುತ್ತಾರೆ. ಅಲ್ಲಿ ಪೊದೆ ಕಡಿದು ಮಾಡಿದ ಅಂಗಳಗಳೇ ‘ಹೀತ್‌ಲ್ಯಾಂಡ್’ ಶೈಲಿ. 1901ರಲ್ಲಿ ತೆರೆದ ಸನ್ನಿಂಗ್‌ಡೇಲ್ ಇದಕ್ಕೆ ಹೆಸರಾದ ಉದಾಹರಣೆ. ಸಿಕ್ಕ ನೆಲದಲ್ಲಿ ಆಡುವುದು ಹೋಗಿ ಬೇಕಾದ ಹಾಗೆ ನೆಲ ತಿದ್ದುವುದು ಮೊದಲಾದದ್ದು ಹೆಚ್ಚುಕಡಿಮೆ ಇಲ್ಲಿಂದ.

ಮೂರನೆಯದು ‘ಪಾರ್ಕ್‌ಲ್ಯಾಂಡ್’. ನಾವು ಟಿ.ವಿ.ಯಲ್ಲಿ ಹೆಚ್ಚಾಗಿ ನೋಡುವುದು ಇದನ್ನೇ. ಸಾಲುಮರಗಳ ನಡುವೆ ಹಸಿರು ಹಾದಿ, ಅಲ್ಲಲ್ಲಿ ಕೊಳ, ಮೆತ್ತನೆಯ ನೆಲ. ಅಮೆರಿಕದ ಆಗಸ್ಟಾ ನ್ಯಾಷನಲ್ ಇದರ ಮಾದರಿ. ಆ ಜಾಗ ಹಿಂದೆ ಸಸಿಗಳ ನರ್ಸರಿಯಾಗಿತ್ತು. 1934ರಿಂದ ಮಾಸ್ಟರ್ಸ್ ಪಂದ್ಯಾವಳಿ ಅಲ್ಲಿಯೇ ನಡೆಯುತ್ತಿದೆ. ಅದಿತಿ ಆಡಿದ ಟೋಕಿಯೋ ಬಳಿಯ ಕಸುಮಿಗಸೆಕಿ ಕೂಡ ಮರಗಳ ನಡುವಿನ ಅಂಗಳವೇ. ಇಲ್ಲಿ ಆಟ ನೆಲ ಬಿಟ್ಟು ಗಾಳಿಗೆ ಏರುತ್ತದೆ. ಚೆಂಡನ್ನು ಎತ್ತರಕ್ಕೆ ಹೊಡೆದರೆ ನೀರುಂಡ ಗ್ರೀನ್ ಮೇಲೆ ಬಿದ್ದಲ್ಲೇ ನಿಲ್ಲುತ್ತದೆ.

ಕನ್ನಡ ನೆಲದಲ್ಲಿ

ಬ್ರಿಟಿಷ್ ದ್ವೀಪಗಳ ಹೊರಗೆ ಅತಿ ಹಳೆಯ ಗಾಲ್ಫ್ ಕ್ಲಬ್ ಇರುವುದು ನಮ್ಮ ದೇಶದಲ್ಲಿ. ಅದು 1829ರ ಕಲ್ಕತ್ತಾ ಕ್ಲಬ್. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ದಂಡಿನ ಅಧಿಕಾರಿಗಳು ಆಡುತ್ತಿದ್ದ ಕಾಲದಿಂದ ಇಂದಿನವರೆಗೆ ಊರು ಅದರ ಸುತ್ತ ಬೆಳೆದು ಅಂಗಳವನ್ನು ಒತ್ತಿ ಹಿಡಿದಿದೆ. ಕೋಲಾರದ ಚಿನ್ನದ ಗಣಿಗೆ ಬಂದ ಬ್ರಿಟಿಷರೂ ಅಲ್ಲೊಂದು ಅಂಗಳ ಮಾಡಿಕೊಂಡರು. ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇರುವುದು ಚಾಮುಂಡಿಬೆಟ್ಟದ ನೆರಳಿನ ಕುದುರೆ ರೇಸಿನ ಮೈದಾನದ ಒಳಗೆ. ಮಡಿಕೇರಿ, ಚಿಕ್ಕಮಗಳೂರುಗಳಲ್ಲಿ ಮಲೆನಾಡಿನ ಏರಿಳಿತವೇ ಅಂಗಳ.

ಕರ್ನಾಟಕ ಗಾಲ್ಫ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಬೆಂಗಳೂರಿನಲ್ಲಿ ಕಣ್ಮರೆಯಾದ ಕೆರೆಗಳ ಪಟ್ಟಿ ಓದಿದರೆ ಚಲ್ಲಘಟ್ಟ ಕೆರೆಯ ಹೆಸರು ಸಿಗುತ್ತದೆ. ಈ ಸಂಸ್ಥೆಯ ಅಂಗಳವಿರುವುದು ಅಲ್ಲಿಯೇ. ಅದಿತಿ ಬಾಲ್ಯದಲ್ಲಿ ದಾಂಡು ಹಿಡಿದದ್ದೂ ಅಲ್ಲಿಯೇ. ಅದೇ ಅಂಗಳದಲ್ಲಿ ಚೆಂಡು ಹೆಕ್ಕುತ್ತಾ, ಇನ್ನೊಬ್ಬರ ದಾಂಡಿನ ಚೀಲ ಹೊರುವ ಕ್ಯಾಡಿಯಾಗಿ ಬೆಳೆದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಉಳ್ಳವರ ಆಟ ಎಂಬ ಮಾತು ಸುಳ್ಳಲ್ಲ. ಆದರೆ ಬೇಲಿಯ ಒಳಗೆ ಒಮ್ಮೆ ಕಾಲಿಡಲು ಸಿಕ್ಕರೆ ಬಡವರ ಮಗನೂ ಗೆಲ್ಲಬಲ್ಲ ಎಂಬುದೂ ಅಷ್ಟೇ ನಿಜ.

ಹುಲ್ಲಿಲ್ಲದೆಯೂ ಆಟ

ಹಾಗಾದರೆ ಮಳೆಯಿಲ್ಲದ ಸೀಮೆಯಲ್ಲಿ ಗಾಲ್ಫ್ ಹೇಗೆ? ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ಬಡವರ ಉತ್ತರ. ಗ್ರೀನ್ ಬದಲು ‘ಬ್ರೌನ್’. ಮರಳಿಗೆ ಎಣ್ಣೆ ಬೆರೆಸಿ, ರೋಲರ್ ಎಳೆದು, ಗಟ್ಟಿ ಕಣದಂತೆ ಮಾಡುತ್ತಾರೆ. ಹೆಜ್ಜೆಗುರುತು ಬಿದ್ದರೆ ಹಲಗೆಯಿಂದ ಸವರಿ, ಚೆಂಡಿನಿಂದ ಗುಂಡಿಯವರೆಗೆ ಹಾದಿ ನಯ ಮಾಡಿಕೊಂಡು ಆಡುತ್ತಾರೆ. ನಮ್ಮ ದೇಶದ ಒಣ ಸೀಮೆಗಳಲ್ಲೂ ಆಸ್ಟ್ರೇಲಿಯಾದ ಒಳನಾಡಿನಲ್ಲೂ ಇಂಥವು ಬಳಕೆಗೆ ಬಂದವು. ಇದು ಕೀಳು ದರ್ಜೆಯದೆಂದು ಮೂಗು ಮುರಿಯಬೇಕಿಲ್ಲ. ಅಮೆರಿಕದ ಪ್ರಖ್ಯಾತ ಪೈನ್‌ಹರ್ಸ್ಟ್ ಎರಡನೇ ಕೋರ್ಸ್‌ನಲ್ಲಿ 1930ರ ದಶಕದ ನಡುವಿನವರೆಗೂ ಇದ್ದದ್ದು ಮರಳಿನ ಗ್ರೀನ್‌ಗಳೇ. ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ಈಗಲೂ ಅಂಗಳದಲ್ಲಿ ಹುಲ್ಲಿನ ಎಸಳಿಲ್ಲ. ಆಟಗಾರರು ಕೃತಕ ಹುಲ್ಲಿನ ತುಂಡೊಂದನ್ನು ಜೊತೆಯಲ್ಲೇ ಹೊತ್ತು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ.

ಎರಡನೆಯದು ಸಿರಿವಂತರ ಉತ್ತರ, ಅಂದರೆ ‘ಡೆಸರ್ಟ್’ ಶೈಲಿ. ಅಮೆರಿಕದ ಅರಿಜೋನಾದಲ್ಲಿ ಚೆಂಡು ಬೀಳಬೇಕಾದ ಜಾಗಕ್ಕಷ್ಟೇ ಹುಲ್ಲು ಹಾಸಿ ಉಳಿದದ್ದನ್ನು ಪಾಪಾಸುಕಳ್ಳಿಗೆ ಬಿಡುತ್ತಾರೆ. ದ್ವೀಪದಿಂದ ದ್ವೀಪಕ್ಕೆ ಹಾರಿದಂತೆ ಆಟ. ದುಬೈನಲ್ಲಿ 1988ರಲ್ಲಿ ತೆರೆದ ಎಮಿರೇಟ್ಸ್ ಕ್ಲಬ್ ಮರಳುಗಾಡಿನ ನಡುವೆ ಪೂರ್ತಿ ಹಸಿರು ಬೆಳೆಸಿ ತೋರಿಸಿತು, ಸಮುದ್ರದ ನೀರಿನ ಉಪ್ಪು ತೆಗೆದು.

ನಮ್ಮ ಸೀಮೆಯ ಲೆಕ್ಕ

ಈಗ ಐ.ಡಿ.ಹಳ್ಳಿಯ ಹಿರಿಯರ ಪ್ರಶ್ನೆಗೆ ಮರಳೋಣ. ಸೇಂಟ್ ಆಂಡ್ರೂಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 650ರಿಂದ 700 ಮಿಲಿಮೀಟರ್. ಮಧುಗಿರಿ ಸೀಮೆಯ ವಾಡಿಕೆ ಮಳೆಯೂ ಇದಕ್ಕಿಂತ ತೀರಾ ಕಡಿಮೆಯೇನಲ್ಲ, 600ರ ಆಸುಪಾಸು. ಆದರೆ ಅಲ್ಲಿ ಹನ್ನೆರಡು ತಿಂಗಳೂ ತಂಪಿನಲ್ಲಿ ಜಿನುಗುವುದು ಇಲ್ಲಿ ಕೆಲವೇ ತಿಂಗಳಲ್ಲಿ ಸುರಿದು, ಉಳಿದ ದಿನ ಬಿಸಿಲು. ಅಲ್ಲಿಯ ಹುಲ್ಲಿಗೆ ದೇವರೇ ನೀರು ಬಿಡುತ್ತಾನೆ. ಇಲ್ಲಿ ಬೋರ್‌ವೆಲ್ ಬಿಡಬೇಕು.

ಎಷ್ಟು ನೀರು? ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ನೀರು ಆರಿಹೋಗುತ್ತದೆಂದು ಹಿಡಿಯಿರಿ. ಒಂದು ಎಕರೆಗೆ ಅದು ಸುಮಾರು 20 ಸಾವಿರ ಲೀಟರ್. ಅಂಗಳದಲ್ಲಿ ನೀರುಣಿಸುವ ಹುಲ್ಲು 50 ಎಕರೆ ಇದ್ದರೂ ದಿನಕ್ಕೆ 10 ಲಕ್ಷ ಲೀಟರ್ ಆಯಿತು. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 200 ಟ್ಯಾಂಕರ್! ನೂರಾರು ಅಡಿ ಕೊರೆದರೂ ನೀರು ಕಾಣದ ಸೀಮೆಯಲ್ಲಿ ಈ ಅಂಕಿಗೆ ವಿವರಣೆ ಬೇಕಿಲ್ಲ. ಕೊಳಚೆ ನೀರು ಶುದ್ಧೀಕರಿಸಿ ಬಳಸಬಹುದು ಎನ್ನುತ್ತಾರೆ. ನಗರಕ್ಕೆ ಅದು ಸರಿ. ಹಳ್ಳಿಯಲ್ಲಿ ಅಷ್ಟು ಕೊಳಚೆಯಾದರೂ ಎಲ್ಲಿಂದ ಬರಬೇಕು?

ಸೋಜಿಗವೆಂದರೆ ಬಿಸಿಲು ನಾಡುಗಳ ಗಾಲ್ಫ್ ಅಂಗಳದಲ್ಲಿ ಬೆಳೆಸುವ ‘ಬರ್ಮುಡಾ ಹುಲ್ಲು’ ಬೇರೆ ಯಾವುದೂ ಅಲ್ಲ, ಗಣೇಶನಿಗೆ ನಾವು ಏರಿಸುವ ಗರಿಕೆಯೇ. ಅದರ ತಳಿಗಳನ್ನೇ ತಿದ್ದಿ ಗ್ರೀನ್‌ಗೆ ಹಾಸುತ್ತಾರೆ. ನಮ್ಮ ಬದುವಿನ ಗರಿಕೆ ಬೇಸಿಗೆಯಲ್ಲಿ ಒಣಗಿದಂತೆ ಕಂಡು, ಮೊದಲ ಮಳೆಗೆ ತಲೆಯೆತ್ತುತ್ತದೆ. ಅದಕ್ಕೆ ನೀರಿಲ್ಲದೆ ಬದುಕಲು ಗೊತ್ತು. ವರ್ಷವಿಡೀ ಹಸಿರಾಗಿರಲಿ ಎಂಬ ಹಟ ಮಾತ್ರ ನಮ್ಮದು.

ನಮ್ಮಲ್ಲೂ ಒಂದು ಲಿಂಕ್ಸ್ ಇದೆ ಎಂದರೆ ನಂಬುತ್ತೀರಾ? ಇದೇ ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡ ಮೈದನಹಳ್ಳಿಯ ಹುಲ್ಲುಬಯಲು. ವಿಸ್ತೀರ್ಣ 798 ಎಕರೆ. 18 ಗುಂಡಿಗಳ ಐದು ಅಂಗಳ ಹಿಡಿದೂ ಮಿಗುವಷ್ಟು. ಅಲ್ಲಿ ಹುಲ್ಲು ಕತ್ತರಿಸುವುದು ಯಂತ್ರವಲ್ಲ, ಕೃಷ್ಣಮೃಗಗಳು. ಬೀಳು ಬಿದ್ದ ನೆಲ ಎಂದು ಹಿಂದೆ ಅಲ್ಲಿ ನೀಲಗಿರಿ ಗಿಡ ನೆಟ್ಟದ್ದೂ ಉಂಟು. ಆದರೆ ಬಯಲಲ್ಲಿ ಓಡಿ ಬದುಕುವ ಮೃಗಕ್ಕೆ ತೋಪು ಬೇಡ, ಹುಲ್ಲು ಬೇಕು. ಕೊನೆಗೆ 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು.

ಸ್ಕಾಟ್ಲೆಂಡಿನವರು ತಮ್ಮ ಬೀಳನ್ನು ಉಳುವುದಕ್ಕೂ ಹೋಗಲಿಲ್ಲ, ತೋಪು ಮಾಡುವುದಕ್ಕೂ ಹೋಗಲಿಲ್ಲ. ಇದ್ದ ಹಾಗೆ ಬಿಟ್ಟು ಅದರ ಮೇಲೆ ಆಡಿದರು. ಆದ್ದರಿಂದಲೇ ಆರು ಶತಮಾನವಾದರೂ ಆ ಹುಲ್ಲು ಉಳಿದಿದೆ. ಲಿಂಕ್ಸ್‌ನಿಂದ ನಾವು ಕಲಿಯಬೇಕಾದದ್ದು ಅದರ ಹಸಿರನ್ನಲ್ಲ, ಈ ವಿವೇಕವನ್ನು. ಮೈದನಹಳ್ಳಿಯಲ್ಲಿ ಯಾರೂ ಗಾಲ್ಫ್ ಆಡಬೇಕಾಗಿಲ್ಲ. ಅಲ್ಲಿ ಓಡುವವರು ಆಗಲೇ ಇದ್ದಾರೆ.

ಇನ್ನು ನಮ್ಮ ಹುಡುಗರಿಗೆ ಗಾಲ್ಫ್ ಕಲಿಯುವ ಆಸೆಯಾದರೆ? ಕೂಬರ್ ಪೀಡಿಯವರು ದಾರಿ ತೋರಿದ್ದಾರೆ. ಕಡಲೆಕಾಯಿ ಕಿತ್ತ ಮೇಲೆ ಖಾಲಿ ಬಿದ್ದ ಹೊಲ, ಸುಗ್ಗಿ ಮುಗಿದ ಕಣ, ಒಂದು ಹಳೆಯ ದಾಂಡು, ನಾಲ್ಕೂಕಾಲು ಅಂಗುಲದ ಒಂದು ಗುಂಡಿ ಸಾಕು. ‘ಅಷ್ಟೊಂದು ಜಮೀನು ಯಾಕೆ’ ಎಂದು ಕೇಳಿದ ಹಿರಿಯರಿಗೂ ಅದರ ಮೇಲೆ ತಕರಾರು ಇರಲಾರದು.