ಸಣ್ಣ ದೋಣಿಗೆ ಫಿಶ್ ಫೈಂಡರ್: ಕೊಳ್ಳುವ ಮುನ್ನ, ಜೋಡಿಸುವ ಮುನ್ನ ತಿಳಿಯಬೇಕಾದ ವಿಷಯಗಳು

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟುಗಳು ದಡ ಸೇರುತ್ತವೆ. ಬಲೆ ಸರಿಪಡಿಸುವ, ಬಣ್ಣ ಬಳಿಯುವ, ಎಂಜಿನ್ ಬಿಚ್ಚಿ ಜೋಡಿಸುವ ಕೆಲಸಗಳು ನಡೆಯುತ್ತವೆ. ಬಿರುಸಿನ ಮಳೆಯ ದಿನಗಳಲ್ಲಿ ನಾಡದೋಣಿಯವರಿಗೂ ಬಿಡುವು. ಹೊಸ ಉಪಕರಣ ಕೊಳ್ಳಲು ಸ್ವಸಹಾಯ ಸಂಘಗಳಿಗೆ, ಸಹಕಾರಿ ಸಂಘಗಳಿಗೆ ಸಾಲದ ಅರ್ಜಿಗಳು ಬರುವುದೂ ಇದೇ ಕಾಲದಲ್ಲಿ. ಆ ಅರ್ಜಿಗಳಲ್ಲಿ ಈಗ ಕಾಣಿಸಿಕೊಳ್ಳುವ ಒಂದು ಹೆಸರು ಫಿಶ್ ಫೈಂಡರ್.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಫೈಬರ್ ದೋಣಿಯ ಮಾಲಿಕರೊಬ್ಬರು ನಮ್ಮನ್ನು ಕಾಣಲು ಬಂದರು. "ಫಾದರ್, ಸಾಲ ಮಾಡಿ ಫಿಶ್ ಫೈಂಡರ್ ಹಾಕಿಸಿದೆ. ದೋಣಿ ನಿಂತಾಗ ಚಿತ್ರ ಬರುತ್ತದೆ, ಓಡಲು ಶುರುವಾದರೆ ಬರೀ ಚುಕ್ಕಿ, ಗೆರೆ. ಅಂಗಡಿಯವರು ಇನ್ನೂ ದೊಡ್ಡ ಯಂತ್ರ ತೆಗೆದುಕೊಳ್ಳಿ ಅನ್ನುತ್ತಾರೆ. ಕಂತು ಕಟ್ಟುವುದೇ ಕಷ್ಟವಾಗಿದೆ, ಏನು ಮಾಡಲಿ?" ಎಂದು ಕೇಳಿದರು. ಈ ಕೆಲಸ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ ನೋಡಿದಾಗ ಯಂತ್ರದಲ್ಲಿ ದೋಷವಿರಲಿಲ್ಲ. ನೀರಿನಲ್ಲಿರಬೇಕಾದ ಭಾಗವನ್ನು ಪ್ರೊಪೆಲರ್‌ಗೆ ತೀರಾ ಹತ್ತಿರ ಕೂರಿಸಿದ್ದರು. ಅದನ್ನು ಎರಡು ಅಡಿ ಆಚೆ ಸರಿಸಿದ ಮೇಲೆ ತೊಂದರೆ ನೀಗಿತು. ಎರಡನೆಯ ಸಾಲ ತಪ್ಪಿತು.

ಈ ಲೇಖನಕ್ಕೆ ಆ ಘಟನೆಯೇ ಕಾರಣ. ನಾವು ಹೇಳಬೇಕೆಂದಿರುವುದು ಇಷ್ಟೇ: ಫಿಶ್ ಫೈಂಡರ್‌ನ ಪ್ರಯೋಜನ ಪರದೆಯ ಗಾತ್ರದಲ್ಲಿಲ್ಲ, ಅದನ್ನು ಜೋಡಿಸುವ ರೀತಿಯಲ್ಲಿದೆ. ಯಂತ್ರಕ್ಕೆ ಸ್ವಲ್ಪ ಕಡಿಮೆ ಖರ್ಚು ಮಾಡಿ, ಜೋಡಣೆಗೆ ಸ್ವಲ್ಪ ಹೆಚ್ಚು ಗಮನ ಕೊಡುವುದು ಲೇಸು.

ಯಂತ್ರ ಕೆಲಸ ಮಾಡುವುದು ಹೇಗೆ?

ಮೀನು ಹುಡುಕುವ ಈ ಯಂತ್ರವನ್ನು 1948ರಲ್ಲಿ ಮೊದಲು ಬಳಕೆಗೆ ತಂದವರು ಜಪಾನಿನ ನಾಗಸಾಕಿ ಪ್ರಾಂತ್ಯದ ಫುರುನೊ ಸಹೋದರರು. ನಮ್ಮ ಪಶ್ಚಿಮ ಕರಾವಳಿಯ ವಸಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ 1597ರಲ್ಲಿ ಹುತಾತ್ಮರಾದದ್ದೂ ನಾಗಸಾಕಿಯಲ್ಲೇ ಎಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು.

ಯಂತ್ರದಲ್ಲಿ ಎರಡು ಮುಖ್ಯ ಭಾಗಗಳಿವೆ. ಒಂದು ಪರದೆ. ಇನ್ನೊಂದು ನೀರಿನಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್. ಟ್ರಾನ್ಸ್‌ಡ್ಯೂಸರ್ ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಕೆಳಕ್ಕೆ ಕಳುಹಿಸುತ್ತದೆ. ಅದು ಮೀನಿಗೋ ಕಡಲ ತಳಕ್ಕೋ ತಾಗಿ ಮರಳುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುವುದರಿಂದ, 30 ಮೀಟರ್ ಆಳಕ್ಕೆ ಹೋಗಿ ಬರಲು ಒಂದು ಸೆಕೆಂಡಿನ 25ನೇ ಒಂದು ಭಾಗ ಸಾಕು. ಈ ಸಮಯವನ್ನು ಅಳೆದು ಯಂತ್ರ ಆಳವನ್ನು ಹೇಳುತ್ತದೆ.

ಶಬ್ದ ಕೆಳಗಿಳಿಯುತ್ತಾ ಕೊಳವೆಯಂತೆ ಅಲ್ಲ, ಬೋರಲು ಹಾಕಿದ ಆಲಿಕೆಯಂತೆ ಹರಡುತ್ತದೆ. ಆಲಿಕೆಯ ಕೋನ 20 ಡಿಗ್ರಿ ಇದ್ದರೆ, ತಳದಲ್ಲಿ ಕಾಣುವ ವೃತ್ತದ ಅಗಲ ಆಳದ ಮೂರನೇ ಒಂದು ಭಾಗದಷ್ಟು. 30 ಮೀಟರ್ ಆಳದಲ್ಲಿ ಸುಮಾರು 10 ಮೀಟರ್. 9 ಮೀಟರ್ ಆಳದಲ್ಲಿ 3 ಮೀಟರ್ ಮಾತ್ರ. ಅಂದರೆ ಸಾಮಾನ್ಯ ಫಿಶ್ ಫೈಂಡರ್ ದೋಣಿಯ ಕೆಳಗಿರುವುದನ್ನು ಮಾತ್ರ ತೋರಿಸುತ್ತದೆ. ಮುಂದೆ ಏನಿದೆ, ಪಕ್ಕದಲ್ಲಿ ಏನಿದೆ ಎಂದು ಹೇಳುವುದಿಲ್ಲ. ಯಾವ ದಿಕ್ಕಿಗೆ ಹೋಗಬೇಕು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಅದಕ್ಕೆ ತಾಂಡೇಲರ ಅನುಭವವಿದೆ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಉಚಿತವಾಗಿ ನೀಡುವ ಮೀನು ಲಭ್ಯತೆಯ ಸೂಚನೆಯೂ ಇದೆ.

ಪರದೆಯನ್ನು ಓದುವ ಬಗೆ

ಪರದೆಯ ಬಲ ಅಂಚಿನಲ್ಲಿರುವುದು ಮಾತ್ರ ಈಗಿನದು. ಎಡಕ್ಕೆ ಇರುವುದೆಲ್ಲ ಕಳೆದು ಹೋದದ್ದು. ದೋಣಿ ಓಡುತ್ತಿರುವಾಗ ಪರದೆಯ ನಡುವೆ ಕಾಣುವ ಮೀನು ಆಗಲೇ ಹಿಂದೆ ಉಳಿದಿರುತ್ತದೆ. ಒಂಟಿ ಮೀನು ಆಲಿಕೆಯ ಒಂದು ಅಂಚಿನಿಂದ ಒಳಬಂದು ಇನ್ನೊಂದು ಅಂಚಿನಿಂದ ಹೊರಹೋದಾಗ ಕಮಾನಿನ ಆಕಾರ ಮೂಡುತ್ತದೆ. ಬೂತಾಯಿಯಂಥ ಮೀನಿನ ಗುಂಪು ಮೋಡದ ಹಾಗೆ ಕಾಣುತ್ತದೆ.

ಮರಳುವ ಶಬ್ದದ ಹೆಚ್ಚಿನ ಪಾಲು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ಬರುತ್ತದೆ. ಆದ್ದರಿಂದ ಗಾಳಿಚೀಲವಿಲ್ಲದ ಶಾರ್ಕ್, ಅಂಜಲ್ ಮತ್ತು ಬೊಂಡಾಸ್ ಮಸುಕಾಗಿ ಕಾಣುತ್ತವೆ. ಪರದೆ ಖಾಲಿ ಇದ್ದ ಮಾತ್ರಕ್ಕೆ ಕಡಲು ಖಾಲಿ ಎಂದಲ್ಲ. ಕೆಲವು ಯಂತ್ರಗಳಲ್ಲಿ ಮೀನಿನ ಚಿತ್ರವನ್ನೇ ತೋರಿಸುವ ಸೌಲಭ್ಯವಿದೆ. ಅದು ಗಾಳಿಗುಳ್ಳೆಯನ್ನೂ ತೇಲುವ ಕಸವನ್ನೂ ಮೀನೆಂದು ತೋರಿಸಬಹುದು. ಅದನ್ನು ಆರಿಸಿ, ಗೆರೆಗಳನ್ನೇ ಓದಲು ಕಲಿಯುವುದು ಒಳ್ಳೆಯದು.

ತಳದ ಗೆರೆಯೂ ಬಹಳ ಹೇಳುತ್ತದೆ. ಬಂಡೆಯ ತಳ ಗಾಢವಾಗಿ ಕಾಣುತ್ತದೆ. ಕೆಲವೊಮ್ಮೆ ಎರಡರಷ್ಟು ಆಳದಲ್ಲಿ ಅದರ ನೆರಳಿನಂಥ ಇನ್ನೊಂದು ಗೆರೆ ಬರುತ್ತದೆ. ಕೆಸರು ಮಂಕಾಗಿ ಕಾಣುತ್ತದೆ. ಬಂಡೆಗೆ ಸಿಕ್ಕಿ ಬಲೆ ಹರಿದ ನಷ್ಟ ಏನೆಂದು ನಮ್ಮ ಮೀನುಗಾರರಿಗೆ ನಾವು ಹೇಳಬೇಕಾಗಿಲ್ಲ. ಜಿಪಿಎಸ್ ಇರುವ ಯಂತ್ರವಾದರೆ ಅಂಥ ಬಂಡೆಯ ಜಾಗವನ್ನು ಗುರುತು ಹಾಕಿಡಬಹುದು.

ಕೊಳ್ಳುವಾಗ ಏನು ಕೇಳಬೇಕು?

ಮೊದಲನೆಯದು, ನಿಮ್ಮ ದೋಣಿ ಎಷ್ಟು ಆಳದಲ್ಲಿ ದುಡಿಯುತ್ತದೆ ಎಂಬುದು. ಸಾಮಾನ್ಯ ಯಂತ್ರಗಳಲ್ಲಿ 50 ಮತ್ತು 200 ಕಿಲೋಹರ್ಟ್ಸ್ ಎಂಬ ಎರಡು ಬಗೆಯ ಶಬ್ದಗಳಿರುತ್ತವೆ. 50 ಹೆಚ್ಚು ಆಳಕ್ಕೆ, ಹೆಚ್ಚು ಅಗಲಕ್ಕೆ ಹೋಗುತ್ತದೆ, ಆದರೆ ವಿವರ ಕಡಿಮೆ. 200 ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಉಪ್ಪುನೀರಿನಲ್ಲಿ ಬೇಗ ಕುಂದುತ್ತದೆ. 50 ಮೀಟರಿನೊಳಗೆ ದುಡಿಯುವ ಸಣ್ಣ ದೋಣಿಗೆ 200 ಸಾಕು. ಒಂದೇ ಶಬ್ದದ ಬದಲು ಹಲವು ಶಬ್ದಗಳನ್ನು ಸಾಲಾಗಿ ಕಳುಹಿಸುವ ಚರ್ಪ್ ಎಂಬ ಬಗೆ ಹತ್ತಿರ ಹತ್ತಿರ ಇರುವ ಮೀನುಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಬೆಲೆ ಕೈಗೆಟುಕಿದರೆ ಅದು ಒಳ್ಳೆಯದು.

ಎರಡನೆಯದು ಶಕ್ತಿ. ಡಬ್ಬಿಯ ಮೇಲೆ 4000 ವಾಟ್ ಎಂದು ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. "ಆರ್‌ಎಂಎಸ್ ವಾಟ್ ಎಷ್ಟು?" ಎಂದು ಕೇಳಿ. ಪೀಕ್ ಟು ಪೀಕ್ ಎಂಬ ಲೆಕ್ಕ ಆರ್‌ಎಂಎಸ್‌ನ 8 ಪಟ್ಟು ಇರುತ್ತದೆ. ಆ 4000 ನಿಜದಲ್ಲಿ 500. ನಮ್ಮ ಸಣ್ಣ ದೋಣಿಗಳಿಗೆ ಆ 500 ಧಾರಾಳ ಸಾಕು.

ಮೂರನೆಯದು, ಬಿಸಿಲಿನಲ್ಲಿ ಪರದೆ ಕಾಣಿಸುತ್ತದೆಯೇ ಎಂಬುದು. ಅಂಗಡಿಯ ಒಳಗಲ್ಲ, ಹೊರಗೆ ತಂದು ನೋಡಿ. ಕೆಟ್ಟರೆ ರಿಪೇರಿ ಎಲ್ಲಿ ಎಂದೂ ಕೇಳಿ. ಬಿಲ್ಲು ಮತ್ತು ವಾರಂಟಿ ಚೀಟಿ ಇಲ್ಲದೆ ಹಣ ಕೊಡಬೇಡಿ. ಬ್ಯಾಟರಿ, ಬ್ರಾಕೆಟ್, ಕೂಲಿ ಎಲ್ಲವನ್ನೂ ಸೇರಿಸಿಯೇ ಸಾಲದ ಲೆಕ್ಕ ಹಾಕಿ. ಸಹಾಯಧನ ಸಿಗುವುದೇ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಟ್ರಾನ್ಸ್‌ಡ್ಯೂಸರ್ ಎಲ್ಲಿ ಇರಬೇಕು?

ನೀರಿನಲ್ಲಿರುವ ಗಾಳಿಗುಳ್ಳೆ ಶಬ್ದಕ್ಕೆ ಗೋಡೆಯಿದ್ದಂತೆ. ದೋಣಿ ಓಡುವಾಗ ಚಿತ್ರ ಕೆಡುವುದಕ್ಕೆ ಇದೇ ಸಾಮಾನ್ಯ ಕಾರಣ. ಆದ್ದರಿಂದ ಗುಳ್ಳೆಯಿಲ್ಲದ ನೀರು ಹರಿಯುವ ಜಾಗವನ್ನು ಹುಡುಕುವುದೇ ಜೋಡಣೆಯ ಮುಖ್ಯ ಕೆಲಸ. ದೋಣಿಯ ಹಿಂಬದಿಯ ಹಲಗೆಗೆ ಜೋಡಿಸುವುದಾದರೆ ಪ್ರೊಪೆಲರ್‌ನಿಂದ ಕನಿಷ್ಠ ಒಂದೂವರೆ ಅಡಿ ದೂರವಿರಲಿ. ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಗಡಿಯಾರದ ಮುಳ್ಳಿನಂತೆ ತಿರುಗುವುದಾದರೆ ಬಲಬದಿ ಉತ್ತಮ. ಅಲ್ಲಿ ಅಲಗು ಕೆಳಮುಖವಾಗಿ ಬರುವುದರಿಂದ ಗುಳ್ಳೆ ಕಡಿಮೆ. ದೋಣಿಯ ತಳದಲ್ಲಿರುವ ಉಬ್ಬು ಪಟ್ಟಿ, ಮೊಳೆ, ನೀರಿನ ತೂತುಗಳ ನೇರ ಹಿಂದೆ ಬೇಡ. ಫೈಬರ್ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರ್‌ನ ಮುಖ ತಳಕ್ಕಿಂತ ಸುಮಾರು 3 ಮಿಲಿಮೀಟರ್ ಕೆಳಗಿದ್ದು, ನೇರವಾಗಿ ಕೆಳಕ್ಕೆ ನೋಡುತ್ತಿರಬೇಕು.

ತೂತು ಕೊರೆಯುವ ಮೊದಲು ಅದನ್ನು ಒಂದು ಕೋಲಿಗೆ ಕಟ್ಟಿ, ಆ ಜಾಗದಲ್ಲಿ ಹಿಡಿದು, ದೋಣಿ ಓಡಿಸಿ ನೋಡಿ. ಚಿತ್ರ ಸರಿ ಬಂದ ಮೇಲೆಯೇ ಖಾಯಂ ಮಾಡಿ. ತೂತಿಗೆ ದೋಣಿಗೆ ಬಳಸುವ ಸೀಲೆಂಟ್ ತುಂಬಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ.

ಗಟ್ಟಿ ಫೈಬರ್ ದೋಣಿಯಾದರೆ ಒಳಗಿನಿಂದಲೇ ತಳಕ್ಕೆ ಎಪಾಕ್ಸಿಯಿಂದ ಅಂಟಿಸುವ ಬಗೆಯೂ ಇದೆ. ತೂತು ಬೇಕಿಲ್ಲ, ಪೆಟ್ಟು ಬೀಳುವುದಿಲ್ಲ. ಆದರೆ ಅಂಟಿನಲ್ಲಿ ಒಂದು ಗಾಳಿಗುಳ್ಳೆಯೂ ಉಳಿಯಬಾರದು. ಶಬ್ದದ ಶಕ್ತಿ ಸ್ವಲ್ಪ ಕುಗ್ಗುತ್ತದೆ, ನೀರಿನ ಉಷ್ಣತೆ ಸರಿಯಾಗಿ ತಿಳಿಯುವುದಿಲ್ಲ. ಮರದ ದೋಣಿಗೂ, ಎರಡು ಪದರಗಳ ನಡುವೆ ಫೋಮ್ ತುಂಬಿದ ದೋಣಿಗೂ ಇದು ಆಗದು.

ಮರಳಿನ ಮೇಲೆ ಎಳೆಯುವ ದೋಣಿಗಳಿಗೆ ತಳದಲ್ಲಿ ಖಾಯಂ ಜೋಡಣೆ ಮಾಡಿದರೆ ಮೊದಲ ವಾರದಲ್ಲೇ ಮುರಿದೀತು. ಬದಿಯ ಅಂಚಿಗೆ ಸಿಕ್ಕಿಸಿ, ದಡಕ್ಕೆ ಬರುವ ಮೊದಲು ಮೇಲೆತ್ತುವ ಕೋಲಿನ ಬ್ರಾಕೆಟ್ ಅವರಿಗೆ ಸರಿ. ದೋಣಿಗೆ ಬಣ್ಣ ಬಳಿಯುವಾಗ ಟ್ರಾನ್ಸ್‌ಡ್ಯೂಸರ್‌ನ ಮುಖಕ್ಕೆ ಸಾಮಾನ್ಯ ಬಣ್ಣ ತಾಗಿಸಬೇಡಿ. ಪಾಚಿ, ಚಿಪ್ಪು ಹಿಡಿದರೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ಕತ್ತಿಯಿಂದ ಕೆರೆಯಬೇಡಿ.

ಬ್ಯಾಟರಿ ಮತ್ತು ವಯರು

12 ವೋಲ್ಟ್ ಬ್ಯಾಟರಿಯಿಂದ ಯಂತ್ರಕ್ಕೆ ನೇರ ವಯರು ಎಳೆಯಿರಿ. ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆಯ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನೇ ಬಳಸಿದರೆ ಸ್ಟಾರ್ಟ್ ಮಾಡುವಾಗ ಯಂತ್ರ ಆರಿ ಹೋಗಬಹುದು. ಕಡಲಲ್ಲಿ ಆ ಬ್ಯಾಟರಿ ಖಾಲಿಯಾದರೆ ಎಂಜಿನ್ ಕೂಡ ಹೊರಡದು. ಬೇರೆ ಸಣ್ಣ ಬ್ಯಾಟರಿ ಇಡುವುದು ಕ್ಷೇಮ. ಗಂಟೆಗೆ 1 ಆಂಪಿಯರ್ ಎಳೆಯುವ ಯಂತ್ರ 10 ಗಂಟೆಯಲ್ಲಿ 10 ಆಂಪಿಯರ್-ಅವರ್ ಬಳಸುತ್ತದೆ. ಅದರ ಎರಡರಷ್ಟು ಸಾಮರ್ಥ್ಯವಿರುವ ಬ್ಯಾಟರಿ ಕೊಳ್ಳಿ.

ಟ್ರಾನ್ಸ್‌ಡ್ಯೂಸರ್‌ನ ಕೇಬಲ್ ಉದ್ದವಾಯಿತೆಂದು ಕತ್ತರಿಸಬೇಡಿ, ಸುತ್ತಿ ಕಟ್ಟಿಡಿ. ಎಂಜಿನ್ನಿನ ವಯರು ಹಾಗೂ ವಿಎಚ್‌ಎಫ್ ವಯರಿನಿಂದ ಅದನ್ನು ದೂರವಿಡಿ, ಇಲ್ಲವಾದರೆ ಪರದೆಯಲ್ಲಿ ಅಡ್ಡಗೆರೆಗಳು ಬರುತ್ತವೆ. ಜೋಡಣೆಯ ತುದಿಗಳಿಗೆ ಗ್ರೀಸ್ ಹಚ್ಚಿ. ಉಪ್ಪುನೀರು ಮೊದಲು ತಿನ್ನುವುದು ಅದನ್ನೇ.

ಕೊನೆಗೆ, ಗುಂಡು ಕಟ್ಟಿದ ಹಗ್ಗ ಇಳಿಸಿ ಆಳವನ್ನು ಅಳೆದು ಪರದೆಯ ಅಂಕಿಯೊಂದಿಗೆ ಹೋಲಿಸಿ. ಅಂಕಿ ಮೀಟರಿನಲ್ಲಿದೆಯೋ, ಅಡಿಯಲ್ಲಿದೆಯೋ, ಮಾರಿನಲ್ಲಿದೆಯೋ ಎಂದು ದೋಣಿಯಲ್ಲಿರುವ ಎಲ್ಲರಿಗೂ ಗೊತ್ತಿರಲಿ. 3 ಅಡಿಗೂ 3 ಮೀಟರಿಗೂ ಇರುವ ವ್ಯತ್ಯಾಸದಲ್ಲಿ ದೋಣಿ ತಳಕ್ಕೆ ಬಡಿಯಬಹುದು.

ಅಳಿವೆ ಬಾಗಿಲಿನಲ್ಲಿ ಎಚ್ಚರ

ಹೂಳು ತುಂಬಿದ ಅಳಿವೆ ಬಾಗಿಲುಗಳಲ್ಲಿ ದೋಣಿ ಮಗುಚಿ ಜೀವ ಕಳೆದುಕೊಂಡವರ ಮನೆಗಳು ನಮ್ಮ ಕರಾವಳಿಯಲ್ಲಿವೆ. ನೀರು ಶಾಂತವಾಗಿರುವ ದಿನ ಒಳಹೊರಗೆ ಹೋಗಿ ಬರುತ್ತಾ ಆಳವನ್ನು ಗುರುತು ಮಾಡಿಕೊಳ್ಳಲು ಈ ಯಂತ್ರ ಒಳ್ಳೆಯ ಸಹಾಯಕ. ಆದರೆ ಅಲೆ ಒಡೆಯುವ ದಿನ ಅದನ್ನು ನಂಬಿ ಒಳನುಗ್ಗಬೇಡಿ. ನೊರೆಯ ನೀರಿನಲ್ಲಿ ಅದಕ್ಕೆ ತಳ ಕಾಣದು. ಕಂಡರೂ ಅದು ಹೇಳುವುದು ದೋಣಿಯ ಕೆಳಗಿನ ಆಳವನ್ನೇ ಹೊರತು ಮುಂದಿನ ಮರಳ ದಿಬ್ಬವನ್ನಲ್ಲ.

ಇನ್ನೊಂದು ಮಾತನ್ನು ಸಂಘಗಳ ಪದಾಧಿಕಾರಿಗಳಿಗೆ ಹೇಳಬಯಸುತ್ತೇವೆ. ಫಿಶ್ ಫೈಂಡರ್‌ಗೆ ಸಾಲ ಮಂಜೂರು ಮಾಡುವ ಮೊದಲು ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಸಹಾಯ ಕೇಳಲು ವಿಎಚ್‌ಎಫ್ ಇದೆಯೇ, ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ಮನೆಯವರಿಗೆ ಗೊತ್ತಿದೆಯೇ ಎಂದು ಕೇಳಿ. ಮೀನು ಸಿಗದ ದಿನ ಮನೆಗೆ ಬರಿಗೈಯಲ್ಲಿ ಬರಬಹುದು. ಬಾರದೇ ಇರುವ ದಿನ ಬೇಡ.

ಕಾಣುವುದೆಲ್ಲ ಹಿಡಿಯುವುದಕ್ಕಲ್ಲ

ರಾತ್ರಿಯಿಡೀ ದುಡಿದು ಏನೂ ಸಿಗದೆ ದಡದಲ್ಲಿ ಬಲೆ ತೊಳೆಯುತ್ತಿದ್ದ ಸಂತ ಪೇತ್ರರ ಆಯಾಸ ನಮ್ಮ ಮೀನುಗಾರರಿಗೆ ಓದಿ ತಿಳಿಯಬೇಕಾದದ್ದಲ್ಲ. ಡೀಸೆಲ್, ಸೀಮೆಎಣ್ಣೆಯ ಖರ್ಚು ಉಳಿಸಿ, ಹುಡುಕುವ ಸಮಯವನ್ನು ಕಡಿಮೆ ಮಾಡುವ ಯಂತ್ರವನ್ನು ಅವರು ಬಯಸುವುದರಲ್ಲಿ ತಪ್ಪಿಲ್ಲ. ಆದರೆ ಎಲ್ಲರ ಪರದೆಯಲ್ಲೂ ಮೀನು ಕಾಣುವಾಗ ಮೀನಿಗೆ ಅಡಗಲು ಜಾಗ ಉಳಿಯುವುದಿಲ್ಲ. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಮಿತಿಯಿಲ್ಲದ ಮೀನುಗಾರಿಕೆಯ ಬಗ್ಗೆ ಎಚ್ಚರಿಸಿದ್ದರು. ಪರದೆಯಲ್ಲಿ ಕಂಡ ಗುಂಪು ಮರಿಮೀನಿನದು ಎಂದು ಮೊದಲ ಬಲೆಯಲ್ಲೇ ತಿಳಿದರೆ, ಎರಡನೆಯ ಬಾರಿ ಬಲೆ ಹಾಕದಿರುವ ನಿರ್ಧಾರ ಯಂತ್ರದ್ದಲ್ಲ, ನಮ್ಮದು.

ಫಿಶ್ ಫೈಂಡರ್ ಹಾಕಿಸಿ ಸರಿ ಹೋದವರು, ತೊಂದರೆಗೆ ಸಿಕ್ಕಿದವರು ತಮ್ಮ ಧರ್ಮಕೇಂದ್ರದ ಇತರ ಮೀನುಗಾರರೊಂದಿಗೆ ಅನುಭವ ಹಂಚಿಕೊಳ್ಳಲಿ. ದೋಣಿಗಳು ದಡದಲ್ಲಿರುವ ಈ ಎರಡು ತಿಂಗಳಲ್ಲಿ ಒಂದು ಭಾನುವಾರ ಸಂಜೆ ಬಿಡುವು ಮಾಡಿಕೊಂಡರೆ ಸಾಕು. ಒಬ್ಬರು ತಪ್ಪಿ ಕಲಿತದ್ದು ಹತ್ತು ಮನೆಗಳ ಸಾಲದ ಹೊರೆಯನ್ನು ತಪ್ಪಿಸೀತು. ಕಡಲಿಗೆ ಹೋಗುವ ಎಲ್ಲರನ್ನೂ ಸಮುದ್ರತಾರೆ ಮರಿಯಮ್ಮನವರು ಕಾಪಾಡಲಿ ಎಂದು ಪ್ರಾರ್ಥಿಸುತ್ತೇವೆ.