ಸ್ವತಂತ್ರ ಲೇಖಕನೂ ನಗೆಯ ಕಾದಂಬರಿಯೂ: ಪುತ್ತೂರಿನ ಒಂದು ನಿದರ್ಶನ

ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೃತಿಗಳ ವಸ್ತು, ಶೈಲಿ, ಪಾತ್ರರಚನೆಗಳನ್ನು ಕುರಿತು ವಿವೇಚಿಸುತ್ತಾರೆ. ಆ ಕೃತಿಗಳನ್ನು ರಚಿಸಿದವರು ಯಾವ ವರಮಾನದಿಂದ ಜೀವನ ಸಾಗಿಸಿದರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಇತಿಹಾಸದ ವಿದ್ಯಾರ್ಥಿಗೆ ಈ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಹಾಸ್ಯ ವಿಡಂಬನೆಗಳ ಸಂದರ್ಭದಲ್ಲಂತೂ ಅದನ್ನು ಬದಿಗೊತ್ತುವಂತೆಯೇ ಇಲ್ಲ. ನಗುವವನು ಯಾರ ಅನ್ನವನ್ನು ಉಣ್ಣುತ್ತಾನೆ ಎಂಬುದನ್ನು ಅವಲಂಬಿಸಿ, ಅವನು ಯಾರನ್ನು ನೋಡಿ ನಗಬಲ್ಲನೆಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಮೊದಲು ಪೂರ್ವಿಕರ ಸ್ಥಿತಿಯನ್ನು ಗಮನಿಸಬಹುದು. ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ‘ಇಂದಿರಾಬಾಯಿ’ಯ ಕರ್ತೃ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯ ಅಧಿಕಾರಿಗಳಾಗಿದ್ದರು. ೧೯೧೫ರಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ವನ್ನು ಪ್ರಕಟಿಸಿದ ಎಂ. ಎಸ್. ಪುಟ್ಟಣ್ಣನವರು ಮೈಸೂರು ಸಂಸ್ಥಾನದಲ್ಲಿ ಅಮಲ್ದಾರಿಕೆ ಮಾಡಿದವರು. ಮುಂದೆ ನಗೆಯ ಕಾದಂಬರಿಗಳಿಂದ ಮನೆಮಾತಾದ ಬೀಚಿಯವರೂ ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಲೇಖನಿ ಹಿಡಿದರು. ಇವರ ನಗೆಯ ಹರಿತವೇನೂ ಕಡಿಮೆಯದಲ್ಲ. ಆದರೂ ಸಂಸಾರದ ಖರ್ಚು ಸಂಬಳದಿಂದ ನಡೆಯುತ್ತಿದ್ದಾಗ ಪುಸ್ತಕ ಮಾರಾಟವಾಗದಿದ್ದರೆ ಆಗುವ ನಷ್ಟ ಒಂದು ಬಗೆಯದು. ಪುಸ್ತಕವೇ ಜೀವನೋಪಾಯವಾದಾಗ ಆಗುವ ನಷ್ಟ ಇನ್ನೊಂದು ಬಗೆಯದು. ಈ ಎರಡನೆಯ ಬಗೆಗೆ ನಮ್ಮ ಜಿಲ್ಲೆಯಲ್ಲಿ ಸಿಗುವ ಸ್ಪಷ್ಟ ನಿದರ್ಶನ ಕೋಟ ಶಿವರಾಮ ಕಾರಂತರು (೧೯೦೨–೧೯೯೭).

ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದವರು. ಪದವಿಯಿಲ್ಲದ್ದರಿಂದ ಸರಕಾರಿ ನೌಕರಿಯ ದಾರಿ ಅಲ್ಲಿಗೇ ಮುಚ್ಚಿತು. ಅವರು ಅದನ್ನು ಅರಸಿ ಹೋದವರೂ ಅಲ್ಲ. ‘ವಸಂತ’ವೆಂಬ ಮಾಸಪತ್ರಿಕೆ, ನಾಟಕ, ‘ಡೊಮಿಂಗೊ’ ಮತ್ತು ‘ಭೂತರಾಜ್ಯ’ ಎಂಬ ಮೂಕಚಿತ್ರಗಳು ಹೀಗೆ ಒಂದಾದ ಮೇಲೊಂದು ಸಾಹಸಕ್ಕೆ ಕೈಹಾಕಿದ ಬಳಿಕ ಪುತ್ತೂರಿನಲ್ಲಿ ನೆಲೆನಿಂತು, ಅಲ್ಲಿನ ‘ಬಾಲವನ’ವನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ಅಲ್ಲಿಯೇ ಹರ್ಷ ಮುದ್ರಣಾಲಯವನ್ನು ನಡೆಸಿದರು. ಬರೆಯುವವರೂ ಅಚ್ಚು ಹಾಕಿಸುವವರೂ ಪ್ರಕಟಿಸುವವರೂ ಅವರೇ ಆದರು. ಎಷ್ಟೋ ಪುಸ್ತಕಗಳಿಗೆ ಹೊದಿಕೆಯ ಚಿತ್ರ ಬರೆದವರೂ ಅವರೇ.

ಈ ಕ್ರಮ ಕೇವಲ ಹಟದಿಂದ ಹುಟ್ಟಿದುದಲ್ಲವೆಂಬುದನ್ನು ಆ ಕಾಲದ ರಾಜಕೀಯ ಭೂಪಟವೇ ತಿಳಿಸುತ್ತದೆ. ೧೯೫೬ರ ನವೆಂಬರ್ ೧ರ ವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತಕ್ಕೆ ಸೇರಿತ್ತು. ಮೈಸೂರಿನ ಲೇಖಕರಿಗೆ ಅರಮನೆಯ ಹಾಗೂ ವಿಶ್ವವಿದ್ಯಾನಿಲಯದ ಆಶ್ರಯವಿದ್ದಂತೆ ಇಲ್ಲಿಯವರಿಗೆ ಇರಲಿಲ್ಲ. ಕನ್ನಡ ಓದುಗರಾದರೋ ಮದರಾಸು, ಮುಂಬಯಿ, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಇಂಥ ಚದರಿದ ಓದುಗರನ್ನು ತಲುಪಲು ಧಾರವಾಡದ ಮನೋಹರ ಗ್ರಂಥಮಾಲೆ ೧೯೩೩ರಲ್ಲಿ ಚಂದಾದಾರರ ಪದ್ಧತಿಯನ್ನು ಕೈಗೊಂಡಿತು. ಕಾರಂತರು ಹಿಡಿದ ದಾರಿ ಇನ್ನೊಂದು. ಮಕ್ಕಳಿಗಾಗಿ ‘ಬಾಲಪ್ರಪಂಚ’, ಪಠ್ಯಪುಸ್ತಕಗಳು, ‘ಸಿರಿಗನ್ನಡ ಅರ್ಥಕೋಶ’, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಇವೆಲ್ಲವೂ ನಾಲ್ವತ್ತಕ್ಕೂ ಮಿಕ್ಕ ಕಾದಂಬರಿಗಳ ಜತೆಜತೆಗೇ ಬಂದವು. ಶಾಲೆಗೂ ಮನೆಗೂ ಬೇಕಾದ ಪುಸ್ತಕಗಳು ಬೆನ್ನಿಗಿದ್ದುದರಿಂದಲೇ, ಜನ ಮೆಚ್ಚುವರೋ ಮುನಿಯುವರೋ ಎಂದು ತಿಳಿಯದ ವಿಡಂಬನೆಗಳನ್ನು ಬರೆಯುವ ಧೈರ್ಯಕ್ಕೆ ಆಸರೆ ದೊರೆಯಿತೆಂದು ಊಹಿಸುವುದು ಅಸಂಗತವಾಗಲಾರದು.

ಅವರ ಕಾದಂಬರಿ ಜೀವನದ ಆರಂಭದಲ್ಲಿಯೇ ವಿಡಂಬನೆ ಕಾಣಿಸಿಕೊಳ್ಳುತ್ತದೆ. ‘ದೇವದೂತರು’ (೧೯೨೮) ಬಂದುದು ‘ಚೋಮನ ದುಡಿ’ಗಿಂತ (೧೯೩೩) ಐದು ವರ್ಷ ಮುಂಚೆ. ದೇಶದ ಪ್ರಥಮ ಮಹಾಚುನಾವಣೆ ೧೯೫೨ರಲ್ಲಿ ಮುಗಿದ ಎರಡೇ ವರ್ಷಕ್ಕೆ ರಾಜಕೀಯ ವಿಡಂಬನೆಯಾದ ‘ಗೊಂಡಾರಣ್ಯ’ (೧೯೫೪) ಪ್ರಕಟವಾಯಿತು. ಸ್ವಾತಂತ್ರ್ಯದ ಸಂಭ್ರಮ ಇನ್ನೂ ಆರದಿದ್ದ ದಿನಗಳಲ್ಲಿ, ಆ ಸ್ವಾತಂತ್ರ್ಯಕ್ಕಾಗಿಯೇ ವಿದ್ಯಾಭ್ಯಾಸವನ್ನು ಬಿಟ್ಟವರೊಬ್ಬರು ಹೊಸ ಆಳ್ವಿಕೆಯ ರೀತಿನೀತಿಗಳನ್ನು ಕಂಡು ನಕ್ಕರೆಂಬುದು ಗಮನಿಸತಕ್ಕ ಸಂಗತಿ.

ಅವರ ಹಾಸ್ಯದ ಮರ್ಮವನ್ನು ಕೆಲವು ಶೀರ್ಷಿಕೆಗಳಿಂದಲೇ ತಿಳಿಯಬಹುದು. ‘ಜ್ಞಾನ’ವೆಂದು ಬರೆಯಬೇಕಾದಲ್ಲಿ ‘ಗ್ನಾನ’ವೆಂದು ಬರೆದರೆ, ಬಾಯಲ್ಲಿ ಆಡುವ ಪದವನ್ನು ಕಾಗದಕ್ಕೆ ಇಳಿಸಿದಂತಾಗುತ್ತದೆ, ಜತೆಗೆ ಆ ಪದದ ಬಿಗುಮಾನವೂ ಇಳಿದುಹೋಗುತ್ತದೆ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರ ಮೊದಲ ಪದವನ್ನು ‘ಜಗದೋದ್ಧಾರ ನಾ’ ಎಂದು ಒಡೆದಾಗ, ಜಗತ್ತನ್ನು ಉದ್ಧರಿಸುವ ದೇವರ ಸ್ಥಾನದಲ್ಲಿ ‘ನಾನು’ ಬಂದು ಕುಳಿತುಕೊಳ್ಳುತ್ತಾನೆ. ಒಂದಕ್ಷರವನ್ನು ದೀರ್ಘಗೊಳಿಸಿ ಒಂದಿಷ್ಟು ತೆರಪು ಬಿಟ್ಟಷ್ಟರಿಂದಲೇ ಭಕ್ತಿಯು ಅಹಂಕಾರವಾಗಿ ಮಾರ್ಪಟ್ಟಿತು! ತಮ್ಮನ್ನು ಕೂಡ ಅವರು ಈ ನಗೆಯಿಂದ ಹೊರಗಿಟ್ಟುಕೊಂಡವರಲ್ಲ. ಆತ್ಮಕಥೆಗೆ ಅವರಿತ್ತ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’.

ಇಷ್ಟಾದರೂ ಕಾರಂತರೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಬೇರೆಯ ಕೃತಿಗಳೇ. ಮರ್ಕಂಜ, ಸುಳ್ಯ, ಕಡಬಗಳ ಕಡೆಯಿಂದ ಬರುವ ತರುಣರು ಕುಮಾರಪರ್ವತದ ತಪ್ಪಲಿನ ಕಥೆಯಾದ ‘ಬೆಟ್ಟದ ಜೀವ’ವನ್ನು (೧೯೪೩) ತಮ್ಮ ಊರಿನದೇ ಕಥೆಯೆಂಬ ಅಭಿಮಾನದಿಂದ ಓದುತ್ತಾರೆ, ಕಾಡು ಕಡಿದು ಅಡಕೆ ತೋಟ ಎಬ್ಬಿಸಿದ ಹಿರಿಯರ ಬಾಳು ಅವರಿಗೆ ಅಲ್ಲಿ ಕಾಣಸಿಗುತ್ತದೆ. ‘ಗೊಂಡಾರಣ್ಯ’ಕ್ಕೆ ಆ ಭಾಗ್ಯವಿಲ್ಲ. ಇದಕ್ಕೆ ಕಾರಣಗಳು ಎರಡು. ವಿಡಂಬನೆಯು ತನ್ನ ಕಾಲದ ಗುರಿಯನ್ನು ನೆಚ್ಚಿಕೊಂಡಿರುತ್ತದೆ. ಗುರಿ ಮರೆಯಾದಾಗ ಬಾಣದ ವೇಗವನ್ನು ಅಳೆಯುವುದು ಕಷ್ಟ. ಎರಡನೆಯದಾಗಿ, ಗಂಭೀರವಾದುದೇ ಹಿರಿದು, ನಗಿಸುವುದು ಕಿರಿದು ಎಂಬ ತರತಮಭಾವ ನಮ್ಮ ಪಾಠಪಟ್ಟಿಗಳಲ್ಲಿ ಇನ್ನೂ ಬೇರೂರಿದೆ. ಮೊದಲನೆಯ ಕೊರತೆಯನ್ನು ನೀಗಿಸುವುದು ಇತಿಹಾಸದ ಅಧ್ಯಾಪಕರ ಕೆಲಸ. ೧೯೫೦ರ ದಶಕದ ಚುನಾವಣೆ, ಪಕ್ಷಗಳು, ಭಾಷಣಗಳು ಇವುಗಳ ಹಿನ್ನೆಲೆಯನ್ನು ಒದಗಿಸಿಕೊಟ್ಟರೆ ಆ ಕೃತಿ ಮತ್ತೆ ಮಾತನಾಡೀತು.

ಸ್ವಾತಂತ್ರ್ಯವೆಂಬುದು ಕಾರಂತರಿಗೆ ಪುಸ್ತಕದ ಮಾತಾಗಿ ಮಾತ್ರ ಉಳಿಯಲಿಲ್ಲ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದರು. ೧೯೮೯ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಯಾರ ಸಂಬಳಕ್ಕೂ ಕೈಯೊಡ್ಡದಿದ್ದವರಿಗೆ ಕಳೆದುಕೊಳ್ಳುವ ಹುದ್ದೆಯೆಂಬುದು ಇರಲಿಲ್ಲ. ‘ಗೊಂಡಾರಣ್ಯ’ದ ನಗೆಗೂ ಈ ನಡೆಗಳಿಗೂ ಮೂಲ ಒಂದೇ ಎಂಬುದನ್ನು ಮನಗಂಡಾಗ, ಅವರ ವಿಡಂಬನ ಕೃತಿಗಳನ್ನು ಬಿಡುವಿನ ವೇಳೆಯ ವಿನೋದವೆಂದು ಬದಿಗಿಡುವುದು ಸಾಧ್ಯವಾಗದು. ಲೇಖಕನೊಬ್ಬನ ವರಮಾನದ ಲೆಕ್ಕವೂ ಸಾಹಿತ್ಯ ಚರಿತ್ರೆಯ ಸಾಮಗ್ರಿಯೇ ಎಂದು ಒಪ್ಪಿಕೊಂಡು, ನಮ್ಮ ಸಂಶೋಧಕ ವಿದ್ಯಾರ್ಥಿಗಳು ಹಳೆಯ ಮುದ್ರಣಾಲಯಗಳ, ಪುಸ್ತಕ ಮಾರಾಟಗಾರರ ಕಡತಗಳತ್ತ ದೃಷ್ಟಿ ಹರಿಸುವುದು ಉಚಿತ.