ಉಬ್ಬರವನ್ನು ನೆಚ್ಚಿದ ಗಿರಣಿ

ಲಂಡನ್ನಿನ ಪೂರ್ವಭಾಗದಲ್ಲಿ ಲೀ ನದಿಯ ಕವಲುಗಳ ನಡುವೆ ನಿಂತಿರುವ ‘ಹೌಸ್ ಮಿಲ್’ ಹೊರನೋಟಕ್ಕೆ ಇಟ್ಟಿಗೆಯ ಸಾಧಾರಣ ಕಟ್ಟಡದಂತೆ ಕಂಡರೂ, 1776ರಲ್ಲಿ ಡೇನಿಯಲ್ ಬಿಸನ್ ಕಟ್ಟಿಸಿದ ಈ ಗಿರಣಿಯ ಭಾರವನ್ನು ಹೊತ್ತಿರುವುದು ಒಳಗಿನ ಮರದ ಕಂಬ-ತೊಲೆಗಳ ಚೌಕಟ್ಟು. ಎರಡು ಮನೆಗಳ ನಡುವೆ ಎದ್ದದ್ದರಿಂದ ಇದಕ್ಕೆ ಈ ಹೆಸರು.

ಸಮುದ್ರದ ಉಬ್ಬರದೊಂದಿಗೆ ನದಿಯಲ್ಲಿ ಏರಿದ ನೀರನ್ನು ತೂಬಿನ ಬಾಗಿಲುಗಳಿಂದ ಒಳಬಿಟ್ಟು ತಡೆಹಿಡಿದು, ಇಳಿತದ ವೇಳೆ ಕಟ್ಟಡದ ಅಡಿಯಲ್ಲಿರುವ ನಾಲ್ಕು ಚಕ್ರಗಳ ಮೇಲೆ ಹರಿಸಲಾಗುತ್ತಿತ್ತು. ಆ ಚಕ್ರಗಳು ಹಲ್ಲುಗಾಲಿಗಳ ಮೂಲಕ ಹನ್ನೆರಡು ಜೊತೆ ಬೀಸುಕಲ್ಲುಗಳನ್ನು ತಿರುಗಿಸುತ್ತಿದ್ದವು. ಉಬ್ಬರದ ಹೊತ್ತು ದಿನದಿನಕ್ಕೂ ಸರಿಯುವುದರಿಂದ, ಇಲ್ಲಿನ ಕೆಲಸದ ವೇಳೆಯನ್ನು ಗೊತ್ತುಮಾಡುತ್ತಿದ್ದವನು ಯಜಮಾನನಲ್ಲ, ಚಂದ್ರ ಎನ್ನಬೇಕು. ಮಹಡಿಗಳ ಜೋಡಣೆಯೂ ಇದೇ ಜಾಣ್ಮೆಯದು: ಧಾನ್ಯವನ್ನು ಒಮ್ಮೆ ಮೇಲಿನ ಅಟ್ಟದ ಕಣಜಗಳಿಗೆ ಏರಿಸಿದರೆ, ಅದು ತನ್ನ ತೂಕದಿಂದಲೇ ಕೊಳವೆಗಳಲ್ಲಿ ಜಾರಿ ಕಲ್ಲುಗಳಿಗೆ ಬೀಳುತ್ತಿತ್ತು. ಹೀಗೆ ಬೀಸಿದ್ದರ ಬಹುಭಾಗ ಸೇರುತ್ತಿದ್ದುದು ರೊಟ್ಟಿಯ ಒಲೆಗಲ್ಲ, ಪಕ್ಕದ ಮದ್ಯದ ಭಟ್ಟಿಗೆ.

1941ರಲ್ಲಿ ಕೆಲಸ ನಿಂತ ಈ ಗಿರಣಿ ಈಗ ವಸ್ತುಸಂಗ್ರಹಾಲಯವಾಗಿದ್ದು, ಉಳಿದಿರುವ ಉಬ್ಬರ ಗಿರಣಿಗಳಲ್ಲಿ ಜಗತ್ತಿನಲ್ಲೇ ದೊಡ್ಡದೆನಿಸಿದೆ. ಚಕ್ರಗಳು, ಕಲ್ಲುಗಳು ತಮ್ಮ ಮೂಲಸ್ಥಾನದಲ್ಲೇ ಇರುವುದರಿಂದ ಇಲ್ಲಿ ಪ್ರದರ್ಶನದ ಮುಖ್ಯ ವಸ್ತು ಕಟ್ಟಡವೇ.